ಮೊದಲ ನೋಟ: ಪರೀಕ್ಷೆ ಯಾರಿಗೆ?

ಪದವಿಯ ಕೊನೆಯ ವರ್ಷ ಬಂತೆಂದರೆ ನಮ್ಮ ಮಕ್ಕಳ ಮೇಲೆ ಉಪದೇಶಗಳ ಸುರಿಮಳೆ. ಇಸ್ತ್ರಿ ಹಾಕಿದ ಬಟ್ಟೆ ತೊಡಿ, ಹತ್ತು ನಿಮಿಷ ಮೊದಲೇ ತಲುಪಿ, ಅನುಮತಿ ಕೇಳಿ ಒಳಹೋಗಿ, ಮುಖ ನೋಡಿ ಮಾತನಾಡಿ. ‘ವ್ಯಕ್ತಿತ್ವ ವಿಕಸನ’ದ ಹೆಸರಿನಲ್ಲಿ ಇದನ್ನೇ ಶುಲ್ಕ ಪಡೆದು ಕಲಿಸುವವರೂ ಇದ್ದಾರೆ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವುಗಳ ತಳದಲ್ಲಿ ಒಂದು ಸುಳ್ಳು ಅಡಗಿದೆ. ಮೊದಲ ನೋಟದ ಹೊಣೆಯೆಲ್ಲ ಕುರ್ಚಿಯ ತುದಿಯಲ್ಲಿ ಕುಳಿತ ಅಭ್ಯರ್ಥಿಯದ್ದೇ, ಎದುರಿಗೆ ಕುಳಿತು ನೋಡುವವರದ್ದು ಏನೂ ಇಲ್ಲ ಎಂಬ ಸುಳ್ಳು.

ಮಂಗಳೂರಿನ ಬಲ್ಮಠದಲ್ಲಿ ಸರಕಾರಿ ಮಹಿಳಾ ಪದವಿ ಕಾಲೇಜಿದೆ. ಖಾಸಗಿ ಕಾಲೇಜುಗಳ ಶುಲ್ಕ ಭರಿಸಲಾಗದ ಮನೆಗಳ ಹೆಣ್ಣುಮಕ್ಕಳಿಗೆ ಇಂತಹ ಕಾಲೇಜುಗಳೇ ಆಸರೆ. ಮನೆಯಲ್ಲಿ ಬ್ಯಾರಿ, ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂದರ್ಶನದಲ್ಲಿ ಇಂಗ್ಲಿಷ್. ಮೂರನೆಯ ಭಾಷೆಯಲ್ಲಿ ಆಕೆ ತಡವರಿಸಿದ ಮೊದಲ ವಾಕ್ಯಕ್ಕೇ ‘ಆತ್ಮವಿಶ್ವಾಸ ಸಾಲದು’ ಎಂದು ಷರಾ ಬರೆದರೆ ಅಳೆದದ್ದು ಏನನ್ನು? ಆಕೆಯ ಲೆಕ್ಕಪತ್ರದ ಜ್ಞಾನವನ್ನೇ, ಆಕೆಯ ತಂದೆಯ ಆದಾಯವನ್ನೇ?

ಆಕೆ ಆ ಕೋಣೆಯವರೆಗೆ ಬಂದಳಲ್ಲ, ಅದೇ ದೊಡ್ಡದು. ಅರ್ಜಿಯಲ್ಲಿರುವ ಹೆಸರೇ ಎಷ್ಟೋ ಮಂದಿಯ ಮೊದಲ ನೋಟ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು. ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತುಗಳಿಗೆ ಅವರು 4,808 ಅರ್ಜಿಗಳನ್ನು ಕಳುಹಿಸಿದರು. ವಿದ್ಯಾರ್ಹತೆ ಸಮಾನ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಮ್ ಹೆಸರಿಗೆ ಸುಮಾರು ಮೂರನೇ ಒಂದರಷ್ಟು. ಹದಿನೈದು ವರ್ಷಗಳ ಬಳಿಕ, 2022ರಲ್ಲಿ, ಲೆಡ್ ಬೈ ಪ್ರತಿಷ್ಠಾನ ಇನ್ನೊಂದು ಪ್ರಯೋಗ ನಡೆಸಿತು. ಒಂದೇ ಅರ್ಹತೆಯ ಇಬ್ಬರು ಕಾಲ್ಪನಿಕ ಯುವತಿಯರ ಹೆಸರಿನಲ್ಲಿ ತಲಾ ಒಂದು ಸಾವಿರ ಅರ್ಜಿಗಳು ಹೋದವು. ಹಿಂದೂ ಹೆಸರಿಗೆ 208 ಅನುಕೂಲಕರ ಉತ್ತರಗಳು ಬಂದರೆ ಮುಸ್ಲಿಮ್ ಹೆಸರಿಗೆ ಬಂದದ್ದು 103. ಇಲ್ಲಿ ಯಾರೂ ತಡವಾಗಿ ಬರಲಿಲ್ಲ, ಯಾರ ಬಟ್ಟೆಯೂ ಮುದುಡಿರಲಿಲ್ಲ, ಯಾರ ಇಂಗ್ಲಿಷೂ ತಪ್ಪಲಿಲ್ಲ. ಇಸ್ತ್ರಿಯ ಪಾಠ ಹೇಳುವವರು ಈ ಅಂತರಕ್ಕೆ ಏನು ಹೇಳುತ್ತಾರೆ?

‘ಖಾಸಗಿಯವರಿಗೆ ತಮಗೆ ಬೇಕಾದವರನ್ನು ಆರಿಸಿಕೊಳ್ಳುವ ಹಕ್ಕಿಲ್ಲವೇ’ ಎಂದು ಕೇಳುವವರಿದ್ದಾರೆ. ಕೆಲಸ ಬಲ್ಲವರನ್ನು ಆರಿಸುವ ಹಕ್ಕು ಖಂಡಿತ ಇದೆ. ಆದರೆ ಹೆಸರು, ತಲೆವಸ್ತ್ರ, ಉಚ್ಚಾರಣೆಗಳಿಂದ ಕೆಲಸದ ಬಲ್ಮೆ ತಿಳಿಯುವುದಿಲ್ಲ. ಇದಕ್ಕೆ ಸಾಕ್ಷಿ ಬಲ್ಮಠದ ಚರಿತ್ರೆಯಲ್ಲೇ ಇದೆ. 19ನೇ ಶತಮಾನದಲ್ಲಿ ಇಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಮೂಲಕ ಮತ ಬದಲಿಸಿದವರು ತಮ್ಮ ಕುಲಕಸುಬನ್ನು, ಊರಿನ ಆಸರೆಯನ್ನು ಕಳೆದುಕೊಂಡರು. ಅವರಿಗೆ ದುಡಿಮೆ ಒದಗಿಸುವ ಅಗತ್ಯವೇ ಮಿಶನ್ನಿನ ಉದ್ಯಮಗಳಿಗೆ ಒಂದು ಮುಖ್ಯ ಕಾರಣವಾಯಿತು. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದವು. ಮಿಶನ್ನಿನ ಉದ್ದೇಶದ ಬಗ್ಗೆ ಚರ್ಚೆ ಇರಲಿ. ಹೆಸರು ಮತ್ತು ನಂಬಿಕೆಯ ಕಾರಣಕ್ಕೆ ಊರು ಹೊರಗಿಟ್ಟ ಕೈಗಳೇ ಮಂಗಳೂರು ಹೆಂಚಿನ ಹೆಸರನ್ನು ದೂರದ ಊರುಗಳಿಗೆ ಒಯ್ದವು. ಹಾಗಾದರೆ ಊರಿನ ಮೊದಲ ನೋಟ ಅಳೆದದ್ದು ಯಾವ ಯೋಗ್ಯತೆಯನ್ನು?

ನಮ್ಮ ನ್ಯಾಯಾಲಯಕ್ಕೂ ಈ ಅಪಾಯ ಗೊತ್ತಿತ್ತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದವು. ಸಂದರ್ಶನ ಎರಡು ಮೂರು ನಿಮಿಷಗಳಲ್ಲಿ ಮುಗಿಯಿತು, ಕೇಳಿದ್ದು ಹೆತ್ತವರ ಮತ್ತು ಊರಿನ ವಿಚಾರ ಎಂಬುದು ಅಭ್ಯರ್ಥಿಗಳ ದೂರು. 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಪ್ರಕರಣದ ತೀರ್ಪಿತ್ತ ಸುಪ್ರೀಮ್ ಕೋರ್ಟು, ಅಂತಹ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ನಿರಂಕುಶ ಎಂದಿತು. ಸಂದರ್ಶನವನ್ನು ಧ್ವನಿಮುದ್ರಣ ಮಾಡುವುದು ಒಳ್ಳೆಯದು ಎಂದೂ ಹೇಳಿತು. 2016ರ ಜನವರಿಯಿಂದ ಕೇಂದ್ರ ಸರಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ಬಹುಪಾಲು ಯುವಜನ ಕೆಲಸ ಅರಸುವ ಖಾಸಗಿ ಕ್ಷೇತ್ರದಲ್ಲಿ, ಧರ್ಮದ ಹೆಸರಿನ ತಾರತಮ್ಯವನ್ನು ತಡೆಯುವ ಸಮಗ್ರ ಕಾನೂನು ಇಂದಿಗೂ ಇಲ್ಲ. ಸಾಚಾರ್ ಸಮಿತಿ 2006ರಲ್ಲೇ ಸಮಾನ ಅವಕಾಶ ಆಯೋಗವನ್ನು ಶಿಫಾರಸು ಮಾಡಿತ್ತು.

ಈ ಮಾತನ್ನು ನಮ್ಮವರ ಕಡೆಗೂ ತಿರುಗಿಸಬೇಕು. ‘ನಮ್ಮ ಹೆಸರಿಗೆ ಯಾರು ಕೆಲಸ ಕೊಡುತ್ತಾರೆ’ ಎಂದು ಮಗನ ಓದನ್ನು ಅರ್ಧಕ್ಕೆ ನಿಲ್ಲಿಸಿ ಗಲ್ಫಿಗೆ ಕಳುಹಿಸುವ ತಂದೆ, ಅನ್ಯಾಯ ಮಾಡುವವರ ಕೆಲಸವನ್ನು ಸುಲಭಗೊಳಿಸುತ್ತಾನೆ. 208ರ ಎದುರು 103 ಅನ್ಯಾಯವೇ, ಆದರೆ ಅದು ಸೊನ್ನೆಯಲ್ಲ. ಅರ್ಜಿಯನ್ನೇ ಹಾಕದವನಿಗೆ ಮಾತ್ರ ಸೊನ್ನೆ ಖಚಿತ. ಅಂತೆಯೇ, ನಮ್ಮಲ್ಲಿನ ವ್ಯಾಪಾರಿಗಳು ಪರಿಚಯದವರ ಮಗ, ಜಮಾಅತಿನ ಹುಡುಗ ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ಕೊಟ್ಟರೆ ಇತರರ ತಾರತಮ್ಯವನ್ನು ಪ್ರಶ್ನಿಸುವ ನೈತಿಕ ಬಲ ಎಲ್ಲಿಂದ ಬರಬೇಕು?

ಪರಿಹಾರ ಕಠಿಣವೇನಲ್ಲ. ಮೊದಲ ಆಯ್ಕೆಯ ವೇಳೆ ಅರ್ಜಿಯಿಂದ ಹೆಸರು ಮತ್ತು ಭಾವಚಿತ್ರವನ್ನು ಮರೆಮಾಡಿ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಒಬ್ಬೊಬ್ಬರ ಅಂಕವನ್ನು ಆಗಲೇ ಬರೆದಿಡಿ. ಲೆಕ್ಕಿಗಳು ಬೇಕಿದ್ದರೆ ಅರ್ಧ ಗಂಟೆ ಲೆಕ್ಕ ಮಾಡಿಸಿ. ಹರಟೆಯಂತೆ ಸಾಗುವ ಸಂದರ್ಶನಕ್ಕಿಂತ ಹೀಗೆ ಪ್ರಶ್ನೆಗಳನ್ನು ಮೊದಲೇ ಗೊತ್ತುಪಡಿಸಿದ ಸಂದರ್ಶನವೇ ಮುಂದಿನ ದುಡಿಮೆಯನ್ನು ಚೆನ್ನಾಗಿ ಊಹಿಸುತ್ತದೆ ಎಂದು ದಶಕಗಳ ಸಂಶೋಧನೆ ಹೇಳುತ್ತದೆ. ಆದ್ದರಿಂದ ಇದು ಯಾರಿಗೋ ಮಾಡುವ ಉಪಕಾರವಲ್ಲ, ಮಾಲಿಕರದ್ದೇ ಲಾಭ.

ಬಲ್ಮಠದ ಆ ವಿದ್ಯಾರ್ಥಿನಿ ಸಮಯಕ್ಕೆ ಸರಿಯಾಗಿ ಬರಲಿ, ಅಚ್ಚುಕಟ್ಟಾಗಿ ಬರಲಿ, ತಯಾರಿ ನಡೆಸಿ ಬರಲಿ. ಆಕೆಯ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ ಪಾಲು ಮೇಜಿನ ಆಚೆ ಕುಳಿತವರದ್ದು. ಅವರಿಗೆ ತರಬೇತಿ ಕೊಡುವ ಸಂಸ್ಥೆಗಳು ಎಲ್ಲಿವೆ?