ಗ್ರೂಪಿಗೆ ಬೀಗ ಬೇಡ, ಬೈಗುಳ ಅಳಿಸಿ

ಹೋದ ಮಳೆಗಾಲದ ಮಾತು. ನಮ್ಮ ಪುಟ್ಟೇನಹಳ್ಳಿಯ ಕೈತೋಟದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ರಾಜಾನುಕುಂಟೆ ಕಡೆಯ ಹುಡುಗನೊಬ್ಬ ಟೊಮೆಟೊ ಎಲೆಯ ಫೋಟೊ ಹಾಕಿದ. ಅಂಚಿನಲ್ಲಿ ನೀರು ಇಳಿದಂಥ ಕಂದು ಮಚ್ಚೆ, ಎಲೆಯಡಿ ಬಿಳಿ ಬೂಷ್ಟು. ಲೇಟ್ ಬ್ಲೈಟ್, ಅಂದ್ರೆ ಅಂಗಮಾರಿ. "ಬೋರ್ಡೋ ಹೊಡೀಬಹುದಾ, ಯಾರಾದ್ರೂ ಹೇಳಿ" ಅಂತ ಕೇಳಿದ್ದ.

"ವಿಷ ಹಾಕೋರಿಗೆ ಇಲ್ಲಿ ಜಾಗ ಇಲ್ಲ" ಅಂದರು ಒಬ್ಬರು. ಇನ್ನೊಬ್ಬರು ಅವನ ಓದಿನ ಬಗ್ಗೆ ಆಡಿಕೊಂಡು, ಕೊನೆಗೆ ಅವರಪ್ಪನನ್ನೂ ಎಳೆದು ತಂದರು. ಅದರ ಮೇಲೆ ಸಾಲುಸಾಲು ಶುಭೋದಯ, ಪಕ್ಷದ ವಿಡಿಯೊ, ಸೈಟು ಮಾರಾಟದ ಜಾಹೀರಾತು. ಅಡ್ಮಿನ್ ನಾನೇ. ನೋಡಿದ್ದು ಮಾರನೇ ದಿನ ಸಂಜೆ. ಅಷ್ಟರಲ್ಲಿ ಹುಡುಗ ಗ್ರೂಪ್ ಬಿಟ್ಟಿದ್ದ.

ಮೋಡ, ತಂಪು, ತೇವ ಮೂರೂ ಸೇರಿದರೆ ಅಂಗಮಾರಿಗೆ ತೋಟ ಮುಗಿಸೋಕೆ ವಾರ ಸಾಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದ ಶೇ 1ರ ಬೋರ್ಡೋ ದ್ರಾವಣ ಇನ್ನೂ ರೋಗ ತಗುಲದ ಎಲೆಯನ್ನು ಕಾಯುತ್ತೆ. ಬಂದ ರೋಗವನ್ನು ವಾಸಿ ಮಾಡಲ್ಲ. ಅಲ್ಲಿ ಒಂದೊಂದು ದಿನವೂ ಲೆಕ್ಕ. ಇನ್ನೊಂದು ವಿಷಯ: ನಮ್ಮ ದೇಶದ ಸಾವಯವ ಮಾನದಂಡವಾದ ಎನ್‌ಪಿಒಪಿಯೇ ಬೋರ್ಡೋವನ್ನು ನಿರ್ಬಂಧದೊಂದಿಗೆ ಒಪ್ಪುತ್ತೆ. ಬೈದವರು ಸಾವಯವದವರು, ನಮ್ಮವರೇ. ಹೇಳೋಕೆ ನಾಚಿಕೆ ಆಗುತ್ತೆ.

ಇಂಥದ್ದಾದಾಗ ತುಂಬಾ ಅಡ್ಮಿನ್‌ಗಳು "ಅಡ್ಮಿನ್ ಮಾತ್ರ ಬರೆಯಬಹುದು" ಅಂತ ಬೀಗ ಹಾಕಿಬಿಡ್ತಾರೆ. ಹಿಂದೆ ಭಯವೂ ಇದೆ. 2017ರಲ್ಲಿ ಮುರ್ಡೇಶ್ವರದಲ್ಲಿ ಪ್ರಧಾನಿಯ ತಿರುಚಿದ ಚಿತ್ರದ ವಿಚಾರಕ್ಕೆ ಗ್ರೂಪ್ ಅಡ್ಮಿನ್ ಒಬ್ಬರನ್ನು ಬಂಧಿಸಿದ್ದು ನೆನಪಿರಬಹುದು. ಆದರೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಸದಸ್ಯರು ಹಾಕಿದ್ದಕ್ಕೆ ಹೊಣೆ ಆಗಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಬೀಗ ಹಾಕಿದರೆ ಬೈಗುಳದ ಜೊತೆ ಪ್ರಶ್ನೆಯೂ ನಿಲ್ಲುತ್ತೆ. ಎಲೆ ಫೋಟೊ ಹಾಕೋಕಾಗದ ಗ್ರೂಪ್ ಯಾಕೆ ಬೇಕು?

ನನ್ನ ಪ್ರಕಾರ ಶುಭೋದಯಕ್ಕೂ ಬೈಗುಳಕ್ಕೂ ಒಂದೇ ಶಿಕ್ಷೆ ಸಲ್ಲದು. ಶುಭೋದಯ ಕಳಿಸೋ ಹಿರಿಯರಿಗೆ ನಾವೀಗ ಬೇರೆ ಹರಟೆ ಗ್ರೂಪ್ ಮಾಡಿಕೊಟ್ಟಿದ್ದೀವಿ; ಖುಷಿಯಾಗಿದ್ದಾರೆ. ಬೈಗುಳ ಮಾತ್ರ ಕಂಡ ತಕ್ಷಣ ಅಳಿಸ್ತೀವಿ. ಬೇರೆಯವರ ಮೆಸೇಜನ್ನು ಎಲ್ಲರ ಫೋನಿಂದಲೂ ತೆಗೆಯೋ ಅವಕಾಶ 2022ರಿಂದ ಅಡ್ಮಿನ್‌ಗಳಿಗಿದೆ. ಆಮೇಲೆ ಬೈದವರಿಗೆ ಫೋನ್ ಮಾಡ್ತೀವಿ, ಎಲ್ಲರೆದುರು ಅಲ್ಲ. ಎರಡನೇ ಸಲಕ್ಕೆ ಹೊರಗೆ. ಬೈದ ಆ ಇಬ್ಬರಲ್ಲಿ ಒಬ್ಬರು ಹೀಗೇ ಹೋದರು. ಹತ್ತು ವರ್ಷದ ಅನುಭವಸ್ಥರು, ಅವರ ಜೀವಾಮೃತದ ಮಾಹಿತಿ ಈಗ ನಮಗೆ ಸಿಗಲ್ಲ. ಆ ನಷ್ಟ ನಿಜ. ಆದರೂ ತಪ್ಪು ಮಾಡಿದೆ ಅನ್ನಿಸಿಲ್ಲ. ಈಗ ಮೂವರು ಅಡ್ಮಿನ್, ಪಾಳಿ ಮೇಲೆ ಬೆಳಿಗ್ಗೆ-ಸಂಜೆ ನೋಡ್ತೀವಿ.

ಆ ಹುಡುಗನಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಅರ್ಧ ಎಕರೆ ಟೊಮೆಟೊ ಹೋಗಿತ್ತಂತೆ. ಮತ್ತೆ ಗ್ರೂಪಿಗೆ ಬಾಪ್ಪಾ ಅಂದೆ. "ನೋಡೋಣ ಅಕ್ಕ" ಅಂದ. ಇನ್ನೂ ಬಂದಿಲ್ಲ.