ಪತ್ತೇದಾರಿಕೆಗೆ ಹೊರಟ ಸೊಸೆ



ಅಪ್ಪೆಮಿಡಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ ಎಂದು ಕೇಳುವ ಕಾಗದಗಳ ನಡುವೆ ಈ ಸಲ ಬೇರೆ ಬಗೆಯದೊಂದು ಕಾಗದ ಬಂದಿದೆ. ಬರೆದವರು ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯ ಕಡೆಯವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು ಮೂವತ್ತೊಂಬತ್ತು, ಬಿ.ಕಾಂ. ಆಗಿದೆ, ಮಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾನೆ. ಮದುವೆಗೆ ಮುಂಚೆ ನಾಲ್ಕು ವರ್ಷ ಒಂದು ವಿಮಾ ಕಛೇರಿಯಲ್ಲಿ ಕಾಗದಪತ್ರ ತಾಳೆ ನೋಡುವ ಕೆಲಸ ಮಾಡಿದ್ದರಂತೆ. ಈಗ ಶಿವಮೊಗ್ಗದ ಒಂದು ಖಾಸಗಿ ಪತ್ತೇದಾರಿ ಕಛೇರಿಯವರು ‘ಹೆಂಗಸರು ಬೇಕಾಗಿದ್ದಾರೆ, ಬನ್ನಿ’ ಎಂದು ಕರೆದಿದ್ದಾರೆ. ಹೋಗಬೇಕೆಂಬ ಆಸೆ ಇವರಿಗೆ.

ಮನೆಯಲ್ಲಿ ಯಾರಿಗೂ ಒಪ್ಪಿಗೆ ಇಲ್ಲ. ಗಂಡ, “ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗೋಕೆ ನಾನು ಜೊತೆಗೆ ಬರಬೇಕು, ನೀನೆಂಥ ಪತ್ತೇದಾರಿ?” ಎಂದು ನಕ್ಕರಂತೆ. ಮೈದುನ ಅವತ್ತಿನಿಂದ ಅತ್ತಿಗೆಯನ್ನು ‘ಸಿ.ಐ.ಡಿ. 999’ ಎಂದೇ ಕರೆಯುತ್ತಾನೆ. ತವರಿನ ಅಣ್ಣ, “ಈ ವಯಸ್ಸಲ್ಲಿ ಹೊಸ ಕೆಲಸವಾ?” ಎಂದರು. ಅತ್ತೆ ಮಾತ್ರ ನಗಲಿಲ್ಲ. “ಕಂಡವರ ಮನೆ ಹುಳುಕು ಹುಡುಕೋದು ಒಂದು ಕೆಲಸವಾ ಮಾರಾಯ್ತಿ? ನಾಳೆ ನಮ್ಮನೆ ಹುಡುಗಿ ಕೇಳ್ಕೊಂಡು ಯಾರಾದ್ರೂ ಬರ್ತಾರಾ?” ಎಂದರಂತೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ ತಂಗೀ: ಹೋಗಿ. ಗಂಡನ, ಮೈದುನನ ಮಾತು ಹಗುರ, ಅದಕ್ಕೆ ಸುಲಭವಾಗಿ ಉತ್ತರ ಹೇಳಬಹುದು. ಅತ್ತೆಯ ಮಾತಿಗೆ ತೂಕ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಪತ್ತೇದಾರ ಎಂದರೆ ನಮ್ಮವರ ಕಣ್ಣಿಗೆ ಕಟ್ಟುವುದು ಗಂಡಸೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಅಡಿಗೆಮನೆಯಲ್ಲಿ ಸಾರು ಉಕ್ಕಿಸಿಕೊಂಡು ಓದಿದ ಹೆಂಗಸರು ಎಷ್ಟಿಲ್ಲ! ‘ಸಿ.ಐ.ಡಿ. 999’ ಆಗಿ 1968ರಲ್ಲಿ ‘ಜೇಡರ ಬಲೆ’ಗೆ ಬಂದವರು ರಾಜಕುಮಾರ್. 2019ರ ‘ಬೆಲ್ ಬಾಟಂ’ ಚಿತ್ರದ ದಿವಾಕರನೂ ಗಂಡಸೇ. ಇವನ್ನೆಲ್ಲ ನೋಡಿ ಬೆಳೆದವರು ಸೊಸೆ ಹೊರಟರೆ ನಗದೆ ಇನ್ನೇನು ಮಾಡಿಯಾರು!

ಮುಂಬಯಿಯ ರಜನಿ ಪಂಡಿತ್ ಅವರಿಗೂ ಹೀಗೇ ಆಯಿತು. 1962ರಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಖಾಸಗಿ ಪತ್ತೇದಾರಿ ಎಂದು ಹೆಸರಾದವರು. ತಂದೆ ಪೊಲೀಸ್ ಇಲಾಖೆಯ ಸಿ.ಐ.ಡಿ.ಯಲ್ಲಿದ್ದರು. ಆದರೂ ಮಗಳು ಈ ಕೆಲಸಕ್ಕೆ ಇಳಿಯುವುದು ಅವರಿಗೆ ಇಷ್ಟವಿರಲಿಲ್ಲ. ಜಾಹೀರಾತು ಕೊಡಲು ಹೋದರೆ, ಹೆಂಗಸು ಪತ್ತೇದಾರಳಾಗುವುದುಂಟೇ ಎಂದು ಪತ್ರಿಕೆಯವರೇ ತೆಗೆದುಕೊಳ್ಳಲಿಲ್ಲವೆಂದು ಆಕೆ ಹೇಳಿಕೊಂಡಿದ್ದಾರೆ. 1991ರಲ್ಲಿ ತಮ್ಮದೇ ಹೆಸರಿನ ಕಛೇರಿ ತೆರೆದರು.

ಆಕೆಯ ಮೊದಲನೇ ಪ್ರಕರಣ ಯಾವುದು ಗೊತ್ತೇ? ಖೂನಿಯಲ್ಲ, ದರೋಡೆಯಲ್ಲ. 1980ರ ದಶಕದ ಮೊದಲಲ್ಲಿ ಒಂದು ಕಛೇರಿಯಲ್ಲಿ ಗುಮಾಸ್ತೆಯಾಗಿದ್ದಾಗ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಮನೆಯಲ್ಲಿ ಕಳವಾಗುತ್ತಿದೆ ಎಂದು ಅತ್ತುಕೊಂಡರು. ಅವರ ಅನುಮಾನ ಹೊಸದಾಗಿ ಬಂದ ಸೊಸೆಯ ಮೇಲೆ. ರಜನಿ ಬಿಡುವಿನ ವೇಳೆಯಲ್ಲಿ ಆ ಮನೆಯ ಮೇಲೆ ಕಣ್ಣಿಟ್ಟರು. ಕದಿಯುತ್ತಿದ್ದವನು ಮನೆಯ ಮಗನೇ! ಆ ಸೊಸೆ ಅಪವಾದ ಹೊತ್ತೇ ಬಾಳಬೇಕಾಗಿತ್ತೋ ಏನೋ. ನಮ್ಮ ಎಷ್ಟು ಮನೆಗಳಲ್ಲಿ ಕಾಣೆಯಾದ ಬಳೆಯ ಅನುಮಾನ ಮೊದಲು ಹೊಸ ಸೊಸೆಯ ಮೇಲೆ, ಆಮೇಲೆ ಕೆಲಸದವಳ ಮೇಲೆ ಬೀಳುತ್ತದೆ, ನೀವೇ ಯೋಚಿಸಿ. ಈ ಒಂದು ಕಥೆಯನ್ನು ನಿಮ್ಮ ಅತ್ತೆಯವರಿಗೂ ಹೇಳಿ ತಂಗೀ.

ಅಮೆರಿಕದಲ್ಲಿ ಇದಕ್ಕಿಂತ ಬಹಳ ಹಿಂದೆ, 1856ರಲ್ಲಿ, ಕೇಟ್ ವಾರ್ನ್ ಎಂಬ ಎಳೆಯ ವಿಧವೆ ಷಿಕಾಗೋದ ಪಿಂಕರ್ಟನ್ ಪತ್ತೇದಾರಿ ಕಛೇರಿಗೆ ಕೆಲಸ ಕೇಳಿಕೊಂಡು ಹೋದಳು. ಗುಮಾಸ್ತೆ ಕೆಲಸಕ್ಕೆ ಬಂದಿರಬೇಕು ಎಂದುಕೊಂಡರು ಯಜಮಾನರು. ಗಂಡಸು ಹೋಗಲಾಗದ ಕಡೆ ಹೆಂಗಸು ಹೋಗಬಲ್ಲಳು ಎಂದು ವಾದಿಸಿ ಕೆಲಸ ಗಿಟ್ಟಿಸಿದಳು. ಐದು ವರ್ಷದ ಮೇಲೆ, 1861ರಲ್ಲಿ, ಲಿಂಕನ್ನರನ್ನು ಕೊಲ್ಲುವ ಸಂಚಿದೆ ಎಂಬ ಸುದ್ದಿ ಬಂದಾಗ, ಅವರನ್ನು ಗುಟ್ಟಾಗಿ ರಾತ್ರಿಯ ರೈಲಿನಲ್ಲಿ ವಾಷಿಂಗ್ಟನ್ನಿಗೆ ಮುಟ್ಟಿಸಿದವರಲ್ಲಿ ಆಕೆಯೂ ಒಬ್ಬಳು.

ಅಣ್ಣನವರ ವಯಸ್ಸಿನ ಮಾತಿಗೆ ದೂರ ಹೋಗುವುದೇ ಬೇಡ. ತೀರ್ಥಹಳ್ಳಿಯಲ್ಲೇ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಕಾದಂಬರಿ ಬಂದದ್ದು 1963ರಲ್ಲಿ. ಲೆಕ್ಕ ಹಾಕಿ. ನಿಮಗಿಂತ ಏಳು ವರ್ಷ ದೊಡ್ಡವರಾಗಿದ್ದರು.

ಇನ್ನು ಧೈರ್ಯದ ಮಾತು. ಮಳೆಗಾಲದಲ್ಲಿ ನಿಮ್ಮೂರ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವಲ್ಲ, ಅದನ್ನು ನೋಡಲು ಬಂದವರು ರಸ್ತೆ ಬದಿ ಕಾರು ನಿಲ್ಲಿಸಿ ಐದು ನಿಮಿಷಕ್ಕೆ ಫೋಟೋ ತೆಗೆದು ಹೋಗುತ್ತಾರೆ. ಗೂಡು ಎಷ್ಟು, ಯಾವುದರಲ್ಲಿ ಮರಿ ಆಗಿದೆ ಎಂದು ತಿಳಿಯಬೇಕಾದವರು ಅರ್ಧ ದಿನ ಮಾತಿಲ್ಲದೆ ಕೂತಿರಬೇಕು. ಪತ್ತೇದಾರಿಕೆಗೆ ಬೇಕಾದದ್ದು ಹಾಗೆ ಕೂರುವ ತಾಳ್ಮೆ. ಕೊಟ್ಟಿಗೆಯ ಕತ್ತಲೆಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಕಷ್ಟ ಬೇರೆ ಇದೆ, ಯಾವ ಸಿನಿಮಾದಲ್ಲೂ ತೋರಿಸುವುದಿಲ್ಲ: ಐದಾರು ಗಂಟೆ ಒಂದೇ ಕಡೆ ಕಾಯುವಾಗ ಹೆಂಗಸಿಗೆ ಬಚ್ಚಲು ಎಲ್ಲಿ? ಜೊತೆಗೆ ಇನ್ನೊಬ್ಬರನ್ನು ಕೊಡುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ.

ಈ ಕಛೇರಿಗಳಿಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಮದುವೆಗೆ ಮುಂಚಿನ ವಿಚಾರಣೆ. ಇದೇನು ನಮಗೆ ಹೊಸದೇ? ಹಿಂದೆ ಗಂಡು ಗೊತ್ತಾಗುವ ಮೊದಲು ಸೋದರತ್ತೆಯೋ ದೊಡ್ಡಮ್ಮನೋ ಅರಿಶಿನ ಕುಂಕುಮದ ನೆಪದಲ್ಲಿ ಆ ಊರಿಗೆ ಹೋಗಿ, ಬಾವಿಕಟ್ಟೆಯ ಹತ್ತಿರ ಪಕ್ಕದ ಮನೆಯಾಕೆಯ ಜೊತೆ ಎರಡು ಮಾತಾಡಿ ಬಂದರೆ ಸಾಕಿತ್ತು. ಹುಡುಗ ಬರೀ ಎಲೆ ಅಡಿಕೆ ಹಾಕುತ್ತಾನೋ, ಇಸ್ಪೀಟಿಗೂ ಕೂರುತ್ತಾನೋ ತಿಳಿದುಬರುತ್ತಿತ್ತು. ಈಗ ಹುಡುಗ ಬೆಂಗಳೂರಿನ ಏಳನೇ ಮಹಡಿಯಲ್ಲಿರುತ್ತಾನೆ. ಎದುರು ಬಾಗಿಲಿನವರಿಗೆ ಅವನ ಹೆಸರೂ ಗೊತ್ತಿಲ್ಲ. ಹೆಣ್ಣು ಹೆತ್ತವರು ಯಾರನ್ನು ಕೇಳಬೇಕು? ಅಲ್ಲಿಂದಲೇ ಈ ಕಛೇರಿಗಳಿಗೆ ಗಿರಾಕಿ.

ಅದರಲ್ಲಿ ಮುಕ್ಕಾಲು ಕೆಲಸ ಕಾಗದದ್ದು, ಯಾರನ್ನೂ ಹಿಂಬಾಲಿಸಬೇಕಾಗಿಲ್ಲ. ‘ಐದು ಎಕರೆ ಅಡಿಕೆ ತೋಟ ಇದೆ’ ಎಂದರೆ ಸರ್ವೆ ನಂಬರು ಹಾಕಿ ಪಹಣಿ ತೆಗೆಯಿರಿ. ಒಂಬತ್ತನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಎಷ್ಟು ಸಾಲ ಕೂತಿದೆ ನೋಡಿ. ಮನೆ ಸ್ವಂತದ್ದು ಎಂದರೆ ಉಪನೋಂದಣಿ ಕಛೇರಿಯ ಋಣಭಾರ ಪತ್ರ ಇದೆ. ಮೊದಲ ಮದುವೆಯ ವಿಚ್ಛೇದನ ಆಗಿದೆ ಎಂದರೆ ಕೋರ್ಟಿನ ಕೇಸು ನಂಬರು ಕೇಳಿ. ಕೇಸು ಮುಗಿದಿದೆಯೋ ಇಲ್ಲವೋ ಕೋರ್ಟುಗಳ ಜಾಲತಾಣದಲ್ಲಿ ನೋಡಬಹುದು. ವಿಮಾ ಕಛೇರಿಯಲ್ಲಿ ನಾಲ್ಕು ವರ್ಷ ಕಾಗದ ತಾಳೆ ನೋಡಿದವರಿಗೆ ಇದು ನೀರು ಕುಡಿದಷ್ಟು ಸುಲಭ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ಹೆದರುವುದು ಸುಮ್ಮನೆ ಅಲ್ಲ. ಆ ಬಾವಿಕಟ್ಟೆ ವಿಚಾರಣೆಯಿಂದಲೇ ಎಷ್ಟೋ ಹುಡುಗಿಯರ ಬಾಳು ಹಾಳಾಗಿದೆ. ‘ಆ ಹುಡುಗಿಗೆ ಮೂರ್ಛೆ ಬರುತ್ತದಂತೆ’, ‘ಅವಳ ತಾಯಿ ಜಗಳಗಂಟಿಯಂತೆ’ ಎಂದು ಯಾರೋ ಎಸೆದ ಒಂದು ಮಾತಿಗೆ ಸಂಬಂಧ ಮುರಿದು, ಆಮೇಲೆ ಯಾರೂ ಆ ಜಗಲಿ ಹತ್ತದೇ ಹೋದದ್ದುಂಟು. ಎಲ್ಲ ಕೇಡು ಆ ‘ಅಂತೆ’ಯಲ್ಲಿದೆ. ಪತ್ತೇದಾರಿಕೆಯ ವರದಿಯಲ್ಲಿ ಆ ಎರಡಕ್ಷರಕ್ಕೆ ಜಾಗ ಕೊಡಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಕಣ್ಣಿಂದ ಕಂಡದ್ದು ಏನು, ಯಾವ ಕಾಗದದಲ್ಲಿ ಓದಿದ್ದು ಏನು, ಅಷ್ಟೇ. ‘ಹುಡುಗ ಸಂಜೆ ಏಳಕ್ಕೆ ಬಾರಿನೊಳಗೆ ಹೋದ, ಎಂಟಕ್ಕೆ ಬಂದ’ ಎಂದು ಬರೆಯಬಹುದು. ‘ಕುಡುಕ’ ಎಂದು ಬರೆಯಬಾರದು. ಒಳಗೆ ಊಟ ಮಾಡಿರಲೂಬಹುದು. ವರದಿ ನಾಳೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೆ, ಬರೆದವರೇ ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾಗಬಹುದು.

ಕಾನೂನಿನ ಕಡೆಯೂ ಅತ್ತೆಯವರ ಹೆದರಿಕೆಗೆ ಕಾರಣ ಇದೆ. ರಜನಿ ಪಂಡಿತ್ ಅವರನ್ನೇ 2018ರ ಫೆಬ್ರವರಿಯಲ್ಲಿ ಠಾಣೆ ಪೊಲೀಸರು ಬಂಧಿಸಿದರು. ಜನರ ಮೊಬೈಲ್ ಕರೆಗಳ ವಿವರವನ್ನು ಅಕ್ರಮವಾಗಿ ಪಡೆದರು ಎಂಬುದು ಆಪಾದನೆ. ಆಮೇಲೆ ಜಾಮೀನು ಸಿಕ್ಕಿತು. ಅಷ್ಟು ಹೆಸರು ಮಾಡಿದವರಿಗೇ ಹೀಗಾದರೆ, ಹೊಸದಾಗಿ ಸೇರಿದವರು ಎಷ್ಟು ಎಚ್ಚರವಾಗಿರಬೇಕು! ಯಾರು ಯಾರಿಗೆ ಫೋನು ಮಾಡಿದರು ಎಂಬ ಪಟ್ಟಿಯನ್ನು ದುಡ್ಡು ಕೊಟ್ಟು ತರಿಸುವುದು, ಇನ್ನೊಬ್ಬರ ಫೋನು ಕದ್ದು ಕೇಳುವುದು, ಪೊಲೀಸಿನವಳೆಂದೋ ಸರ್ಕಾರದವಳೆಂದೋ ಹೇಳಿಕೊಳ್ಳುವುದು, ಇವಕ್ಕೆಲ್ಲ ಕೇಸು ಬೀಳುತ್ತದೆ. ಕೊಲೆಯ ಅನುಮಾನವಿದ್ದ ಒಬ್ಬ ಹೆಂಗಸಿನ ಮನೆಯಲ್ಲಿ ರಜನಿಯವರು ಕೆಲಸದವಳ ವೇಷದಲ್ಲಿ ಆರು ತಿಂಗಳು ಇದ್ದರಂತೆ. ಓದುವುದಕ್ಕೆ ಮೈ ಜುಮ್ಮೆನ್ನುತ್ತದೆ. ಆದರೆ ನಿಮಗೆ ಅಂಥ ಕೆಲಸ ಬಂದರೆ ಬೇಡ ಎನ್ನಿ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಕಾವಲುಗಾರರನ್ನು ಕೊಡುವ ಕಂಪೆನಿಗಳಿಗೆ 2005ರ ಕಾಯಿದೆ ಇದೆ, ಲೈಸೆನ್ಸು ಇದೆ. ಖಾಸಗಿ ಪತ್ತೇದಾರಿ ಕಛೇರಿಗಳಿಗೆಂದು 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾಯಿದೆಯಾಗಲೇ ಇಲ್ಲ. ಹಾಗಾಗಿ ಬೋರ್ಡು ಯಾರು ಬೇಕಾದರೂ ಹಾಕಬಹುದು. ನಿಮ್ಮ ಕೊರಳಿಗೆ ತೂಗುಹಾಕುವ ಗುರುತಿನ ಚೀಟಿಯಿಂದ ಪೊಲೀಸರ ಅಧಿಕಾರ ಒಂದು ಚೂರೂ ಬರುವುದಿಲ್ಲ. ಇತ್ತ, ಒಬ್ಬರ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 24 ಆಗಸ್ಟ್ 2017ರಂದು ತೀರ್ಪು ಕೊಟ್ಟಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಗಂಡಸು ಹೆಂಗಸೊಬ್ಬಳ ಹಿಂದೆ ಅವಳಿಗೆ ಬೇಡವಾದರೂ ಮತ್ತೆ ಮತ್ತೆ ಬೀಳುವುದು 2013ರಿಂದ ಪ್ರತ್ಯೇಕ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಈ ಕಛೇರಿಗಳು ‘ಹೆಂಗಸರೇ ಬೇಕು’ ಎನ್ನುವುದಕ್ಕೆ ಅದೂ ಒಂದು ಕಾರಣ ಇರಬಹುದೆಂದು ನನ್ನ ಊಹೆ. ಹಾಗೆಂದು ಹೆಂಗಸರು ಏನು ಮಾಡಿದರೂ ನಡೆಯುತ್ತದೆ ಎಂದುಕೊಳ್ಳಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಗುವುದು ಬೇರೊಂದು ಕೆಲಸಕ್ಕೆ. ‘ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಎಲ್ಲಿದ್ದಾಳೆ ಹುಡುಕಿಕೊಡಿ’ ಎಂದು ಒಬ್ಬ ಬರುತ್ತಾನೆ. ಕಣ್ಣೀರನ್ನೂ ಹಾಕುತ್ತಾನೆ. ಅವಳು ಏಟು ತಾಳಲಾರದೆ ಓಡಿದವಳಾಗಿದ್ದರೆ? ನೀವು ಕೊಟ್ಟ ವಿಳಾಸ ಹಿಡಿದು ಅವನು ಅಲ್ಲಿಗೂ ಹೋಗುತ್ತಾನೆ. ಅಂಥ ಕಡೆ ಮೊದಲು ಅವಳನ್ನು ಕಂಡು ಮಾತಾಡಿ. ‘ಕ್ಷೇಮವಾಗಿದ್ದಾರೆ’ ಎಂಬಷ್ಟು ಹೇಳುವುದಕ್ಕೂ ಅವಳ ಒಪ್ಪಿಗೆ ಬೇಕು. ಬೇಡ ಎಂದರೆ ಸಹಾಯವಾಣಿ 181ರ ನಂಬರನ್ನು ಅವಳ ಕೈಗೆ ಕೊಟ್ಟು ಬನ್ನಿ. ಇದಕ್ಕೆ ಕಛೇರಿಯ ಯಜಮಾನರು ಒಪ್ಪುತ್ತಾರೆಯೇ ಎಂಬುದನ್ನು ಸೇರುವ ಮೊದಲ ದಿನವೇ ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಂದಲೇ ವಾಪಸು ಬಸ್ಸು ಹತ್ತಿ, ಬೇರೆ ಕಛೇರಿ ಇಲ್ಲದೆ ಇಲ್ಲ.

ಒಪ್ಪಿದರೆ ಮಿಕ್ಕದ್ದನ್ನೂ ಕೇಳಿಕೊಳ್ಳಿ. ಸಂಬಳವೋ, ಕೇಸಿಗೆ ಇಷ್ಟೆಂದೋ, ಬರಹದಲ್ಲಿ ಕೊಡಲಿ. ಬಸ್ ಚಾರ್ಜು ಯಾರದು? ವಕೀಲರ ನೋಟೀಸು ಬಂದರೆ ಖರ್ಚು ಯಾರದು? ಸಂಜೆ ಹೊತ್ತು ಮೀರಿದರೆ ತೀರ್ಥಹಳ್ಳಿ ರಸ್ತೆಯ ಕೊನೆ ಬಸ್ಸಿಗೆ ಬಿಡುತ್ತಾರೋ, ಶಿವಮೊಗ್ಗದಲ್ಲಿ ತಂಗುವ ಏರ್ಪಾಡು ಇದೆಯೋ? ಗಂಡನವರು ಮಂಡಗದ್ದೆ ಬಸ್ ನಿಲ್ದಾಣಕ್ಕೆ ಟಾರ್ಚು ಹಿಡಿದು ಬರುತ್ತಾರೆಂದು ಮೊದಲೇ ಮಾತು ತೆಗೆದುಕೊಳ್ಳಿ. ಕೊಟ್ಟಿಗೆವರೆಗೆ ಬರುವವರು ಅಲ್ಲಿಗೂ ಬಂದಾರು.

ಅತ್ತೆಯವರ ಹತ್ತಿರ ವಾದ ಮಾಡಬೇಡಿ. ಒಂದು ಮಧ್ಯಾಹ್ನ ಅಡಿಕೆ ಸುಲಿಯುತ್ತಾ ಕೂತಾಗ, ಅವರ ಕಾಲದಲ್ಲಿ ಗಂಡಿನ ಮನೆ ವಿಚಾರಿಸಲು ಹೋದವರು ಏನೇನು ನೋಡುತ್ತಿದ್ದರು, ಯಾರ ಮಾತು ನಂಬುತ್ತಿದ್ದರು, ಯಾರದ್ದು ನಂಬುತ್ತಿರಲಿಲ್ಲ, ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಶಿವಮೊಗ್ಗದ ಕಛೇರಿಯಲ್ಲಿ ಅಂಥ ಪಟ್ಟಿ ಇರಲಾರದು. ಕೆಲಸಕ್ಕೆ ಸೇರಿದ ಮೇಲೆ ನನಗೂ ಒಂದು ಕಾರ್ಡು ಹಾಕಿ.

ಅಪ್ಪೆಮಿಡಿಯವರಿಗೆ ಉತ್ತರ ಮುಂದಿನ ಸಂಚಿಕೆಯಲ್ಲಿ.