ಕರಡಿ ಸಿಕ್ಕೇ ಸಿಗುತ್ತದೆ ಎನ್ನುವವನನ್ನು ನಂಬಬೇಡಿ

ಸಿಯಾಟಲ್‌ನಲ್ಲಿರುವ ನನ್ನ ಗೆಳೆಯ ಕೊಡಗಿನವನು, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಬೆಳೆದವನು. ಅಲಾಸ್ಕಾಕ್ಕೆ ಕಂದು ಕರಡಿಯ ಬೇಟೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಮೂರು ಔಟ್‌ಫಿಟರ್‌ಗಳ, ಅಂದರೆ ಬೇಟೆ ಏರ್ಪಡಿಸುವ ಕಂಪನಿಗಳ, ಬ್ರೋಷರ್ ಕಳಿಸಿ, "ನೀನು ಮಾತಿನ ಕಸುಬಿನವಳು ಮಾರಾಯ್ತಿ, ಇದರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ ನೋಡು" ಎಂದ.

ನಾನು ಬೇಟೆಗಾರ್ತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನನಗೆ ಕರಡಿಯೆಂದರೆ ದರೋಜಿಯ ಬಂಡೆಗಳ ಮೇಲೆ ದೂರದಿಂದ ಕಂಡದ್ದಷ್ಟೇ. ಆದರೆ ಬ್ರೋಷರ್ ಓದುವುದು ನನ್ನ ಅನ್ನ. ಓದಿದೆ.

ಅಲಾಸ್ಕಾದ ಕಾನೂನಿನ ಪ್ರಕಾರ ಹೊರಗಿನವರು ಕಂದು ಕರಡಿಯನ್ನು ಬೇಟೆಯಾಡಲು ಪರವಾನಗಿಯುಳ್ಳ ಗೈಡ್ ಜೊತೆಗಿರಬೇಕು; ಇಲ್ಲವೇ ಅಲ್ಲೇ ನೆಲೆಸಿದ ಹತ್ತಿರದ ಬಂಧುವಿರಬೇಕು. ಖರ್ಚು 20,000 ಡಾಲರ್ ದಾಟುವುದು ಮಾಮೂಲು. ಇಷ್ಟು ಹಣ ಸುರಿಯುವವನು ಮೊದಲು ಕೇಳುವುದು ಒಂದೇ: ಯಶಸ್ಸಿನ ಪ್ರಮಾಣ ಎಷ್ಟು? ಮೂರೂ ಬ್ರೋಷರ್‌ಗಳಲ್ಲಿ ಅತಿ ದಪ್ಪ ಅಕ್ಷರದಲ್ಲಿ ಇದ್ದದ್ದೂ ಅದೇ. ನನ್ನ ತಕರಾರು ಇರುವುದೂ ಅಲ್ಲೇ.

ಒಬ್ಬನ ಸಣ್ಣ ಅಕ್ಷರಗಳನ್ನು ಓದಿದರೆ, "ಗುಂಡು ಹಾರಿಸುವ ಅವಕಾಶ" ಸಿಕ್ಕರೂ ಅದು ಯಶಸ್ಸೇ. ಅಂದರೆ ಗುಂಡು ತಗುಲಿ, ನರಳುತ್ತಾ ಪೊದೆ ಸೇರಿ, ಯಾರಿಗೂ ಸಿಗದೆ ಸತ್ತ ಕರಡಿಯೂ ಅವನ ಲೆಕ್ಕದಲ್ಲಿ ಯಶಸ್ಸು. ಇನ್ನೊಬ್ಬ ಎಲ್ಲಿಯೂ "ಕೊಲ್ಲು" ಎನ್ನುವುದೇ ಇಲ್ಲ, "ಹಾರ್ವೆಸ್ಟ್" ಎನ್ನುತ್ತಾನೆ. ಕೊಯ್ಲು ಮಾಡಲು ಬಿತ್ತಿದವನೊಬ್ಬ ಇರಬೇಕಲ್ಲ? ಕರಡಿಯನ್ನು ಬಿತ್ತಿದವರು ಯಾರು?

ಇದು ಬರೀ ಮಾತಿನ ಜಗಳವಲ್ಲ. ದೂರದಿಂದ ಕರಡಿ ಗಂಡೋ ಹೆಣ್ಣೋ ಎಂದು ಹೇಳುವುದು ನುರಿತವರಿಗೂ ಕಷ್ಟ. ಮರಿಗಳ ಜೊತೆಗಿರುವ ತಾಯಿಯನ್ನು ಕೊಲ್ಲುವಂತಿಲ್ಲ. ಆದರೆ ಮರಿಗಳು ಪೊದೆಯ ಮರೆಯಲ್ಲಿರಬಹುದು. ಕೊನೆಯ ದಿನದ ಸಂಜೆ, ಮಳೆ, ಕತ್ತಲಾಗುತ್ತಿದೆ, ಗಿರಾಕಿ ಹಣ ಕೊಟ್ಟಿದ್ದಾನೆ. ಶೇಕಡಾವಾರು ಕಾಪಾಡಿಕೊಳ್ಳಬೇಕಾದ ಗೈಡ್ "ಹೊಡಿ" ಎನ್ನುತ್ತಾನೆ. ಒಳ್ಳೆಯ ಗೈಡ್ "ಬೇಡ" ಎನ್ನುತ್ತಾನೆ. ನೀವು ಹಣ ಕೊಡಬೇಕಾದದ್ದು ಆ "ಬೇಡ"ಕ್ಕೆ.

1902ರಲ್ಲಿ ಮಿಸಿಸಿಪ್ಪಿಯಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್‌ಗೆ ಬೇಟೆ ತೋರಿಸಲು ನೇಮಕವಾಗಿದ್ದವನು ಹೋಲ್ಟ್ ಕೊಲಿಯರ್, ಗುಲಾಮಗಿರಿಯಲ್ಲಿ ಹುಟ್ಟಿ ಕರಡಿ ಬೇಟೆಯಲ್ಲಿ ಹೆಸರು ಮಾಡಿದವನು. ಅವನ ನಾಯಿಗಳು ಒಂದು ಕರಡಿಯನ್ನು ಸುತ್ತುಗಟ್ಟಿದವು. ಅವನು ಅದನ್ನು ಬಡಿದು, ಅಧ್ಯಕ್ಷರಿಗೆಂದು ಮರಕ್ಕೆ ಕಟ್ಟಿದ. ಕಟ್ಟಿದ ಪ್ರಾಣಿಗೆ ಗುಂಡು ಹಾರಿಸಲಾರೆ ಎಂದರು ರೂಸ್‌ವೆಲ್ಟ್. ಅದರಿಂದ ವ್ಯಂಗ್ಯಚಿತ್ರ ಬಂತು, ವ್ಯಂಗ್ಯಚಿತ್ರದಿಂದ ಟೆಡ್ಡಿ ಬೇರ್ ಬಂತು. ಆದರೆ ಗಾಯಗೊಂಡಿದ್ದ ಆ ಕರಡಿಯನ್ನು ಕೊನೆಗೆ ಚಾಕುವಿನಿಂದ ಮುಗಿಸಲಾಯಿತು. ಬೊಂಬೆಯ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ದೊಡ್ಡ ಗಿರಾಕಿಗೆ ಕರಡಿ ಒದಗಿಸಲೇಬೇಕು ಎಂದಾದಾಗ ಹಗ್ಗ ತಾನಾಗಿ ಬರುತ್ತದೆ.

"ಎರಡು ವರ್ಷದ ಉಳಿತಾಯ. ಬರಿಗೈಲಿ ವಾಪಸ್ ಬರ್ಲಾ?" ಎಂದು ಗೆಳೆಯ ಕೇಳಿದ. ನ್ಯಾಯವಾದ ಸಂಕಟವೇ. ಆದರೆ ಬರಿಗೈಲಿ ಬರುವ ಸಾಧ್ಯತೆಯೇ ಇಲ್ಲದಿದ್ದರೆ ಅದು ಬೇಟೆಯಲ್ಲ, ಚರ್ಮದ ಖರೀದಿ. ಚರ್ಮ ಬೇಕಿದ್ದರೆ ಹಾಗೆಂದು ಒಪ್ಪಿಕೊಳ್ಳಲಿ.

ಅವನಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಕಳೆದ ವರ್ಷ ಎಷ್ಟು ಮಂದಿ ಬರಿಗೈಲಿ ಹೋದರು, ಯಾಕೆ? ಗಾಯಗೊಂಡು ತಪ್ಪಿಸಿಕೊಂಡ ಕರಡಿಗಳೆಷ್ಟು, ಎಷ್ಟು ದಿನ ಹುಡುಕಿದಿರಿ? ಕಾಡಿನಲ್ಲಿ ನನ್ನ ಪಕ್ಕ ನಿಲ್ಲುವವರು ನೀವೋ ನಿಮ್ಮ ಸಹಾಯಕನೋ, ಅವರ ಪರವಾನಗಿ ಯಾವುದು? ಕರಡಿ ಸಿಗದೆ ಮರಳಿದ ಒಬ್ಬ ಗಿರಾಕಿಯ ಜೊತೆ ಮಾತಾಡಿಸುತ್ತೀರಾ? ಚರ್ಮದ ಜೊತೆ ಫೋಟೋ ತೆಗೆಸಿಕೊಂಡವರು ಹೊಗಳುವುದರಲ್ಲಿ ಹೊಸತೇನಿಲ್ಲ.

ಮೊದಲನೆಯವನು ಉತ್ತರದ ಬದಲು ಇನ್ನಷ್ಟು ಫೋಟೋ ಕಳಿಸಿದ. ಎರಡನೆಯವನು ರಿಯಾಯಿತಿ ಕೊಡುತ್ತೇನೆಂದ. ಮೂರನೆಯವನು ಫೋನ್ ಮಾಡಿ, ಗಾಯಗೊಂಡ ಕರಡಿಯೊಂದನ್ನು ಮೂರು ದಿನ ಹುಡುಕಿಯೂ ಸಿಗದ ಕಥೆ ಹೇಳಿದನಂತೆ. ಹೇಳುವಾಗ ಅವನ ದನಿ ಇಳಿದಿತ್ತಂತೆ.

ಹೋಗಲೇಬೇಕಾದರೆ ಅವನ ಜೊತೆ ಹೋಗು ಎಂದೆ. ಮೂವರಲ್ಲಿ ದುಬಾರಿ ಅವನೇ. ಗೆಳೆಯ ಇನ್ನೂ ಯೋಚಿಸುತ್ತಿದ್ದಾನೆ.